ಧಾರವಾಡದ ದಾರಿ, ರಾತ್ರಿಯ ಗುಳಿಗೆ

ಹೊರಗಿನವರಿಗೆ ಧಾರವಾಡ ಎಂದರೆ ಪೇಢೆ, ಬೇಂದ್ರೆಯವರ ಸಾಧನಕೇರಿ, ವಿಶ್ವವಿದ್ಯಾಲಯ, ಹಿಂದೂಸ್ತಾನಿ ಸಂಗೀತ. ಬ್ಯಾಡಗಿ, ರಾಣೆಬೆನ್ನೂರು, ಹಾವೇರಿ ಕಡೆಯ ನಮ್ಮ ಓಣಿಗಳಲ್ಲಿ ಆ ಊರಿಗೆ ಇನ್ನೊಂದು ಅರ್ಥವಿತ್ತು. ಯಾರಾದರೂ ಸ್ವಲ್ಪ ವಿಚಿತ್ರವಾಗಿ ಮಾತಾಡಿದರೆ, ವಿನಾಕಾರಣ ನಕ್ಕರೆ, 'ಇವನ್ನ ಧಾರವಾಡಕ್ಕ ಕಳಸಬೇಕಾಕ್ಕೈತಿ ನೋಡ್ರಿ' ಎನ್ನುತ್ತಿದ್ದರು. ಶಾಲೆಯ ಮಕ್ಕಳು ಜಗಳದಲ್ಲಿ ಆಡಿಕೊಳ್ಳುತ್ತಿದ್ದುದೂ ಇದನ್ನೇ. ನಾವೂ ಉರ್ದು ಶಾಲೆಯ ಅಂಗಳದಲ್ಲಿ ಇದೇ ಮಾತನ್ನು ಎಷ್ಟೋ ಸಲ ಆಡಿದ್ದೇವೆ. ಐದನೇ ಇಯತ್ತೆಯಲ್ಲಿದ್ದಾಗ ನಮ್ಮ ಚಾಚಾನನ್ನೇ ಧಾರವಾಡಕ್ಕೆ ಕರೆದುಕೊಂಡು ಹೋದರು. ಆ ದಿನದಿಂದ ಆ ಮಾತು ನಮ್ಮ ಬಾಯಿಗೆ ಬಂದಿಲ್ಲ.

ಗಮನಿಸಬೇಕಾದದ್ದು 'ಕಳಸು' ಎಂಬ ಕ್ರಿಯಾಪದ. ಬೇರೆ ಯಾವ ಕಾಯಿಲೆಗೂ ನಮ್ಮ ಜನ ರೋಗಿಯನ್ನು ಹೀಗೆ 'ಕಳಸು'ವುದಿಲ್ಲ. ಕೈ ಮುರಿದವನನ್ನು ಹುಬ್ಬಳ್ಳಿಗೆ 'ತೋರಸಾಕ' ಒಯ್ಯುತ್ತಾರೆ. ಬಾಣಂತಿಯನ್ನು ದವಾಖಾನೆಗೆ 'ಸೇರಸ್ತಾರ'. ಹುಚ್ಚು ಹಿಡಿದವನನ್ನು ಮಾತ್ರ ಕಳಿಸುತ್ತಾರೆ. ಇದರ ಹಿಂದೆ ನೂರೈವತ್ತು ವರ್ಷಕ್ಕೂ ಹೆಚ್ಚಿನ ಚರಿತ್ರೆಯಿದೆ.

ಧಾರವಾಡದ ಆಸ್ಪತ್ರೆ ಆರಂಭವಾದದ್ದು 1845ರಲ್ಲಿ. ಆಗ ನಮ್ಮ ಸೀಮೆ ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು. ಎರಡು ವರ್ಷದ ನಂತರ, 1847ರಲ್ಲಿ, ಮೈಸೂರು ಸೀಮೆಯವರಿಗೆ ಬೆಂಗಳೂರಿನಲ್ಲಿ ಇಂಥದೇ ಒಂದು ಕಟ್ಟಡವಾಯಿತು. ಇಂಗ್ಲಿಷರು ಎರಡಕ್ಕೂ ಇಟ್ಟ ಹೆಸರು 'ಲುನಾಟಿಕ್ ಅಸೈಲಮ್'. 1858ರಲ್ಲಿ ಬಂದ ಕಾಯಿದೆಯ ಪ್ರಕಾರ ಬೀದಿಯಲ್ಲಿ ಅಲೆಯುವ, ಅಪಾಯಕಾರಿ ಎನಿಸುವ ಮನುಷ್ಯನನ್ನು ಪೊಲೀಸರು ಹಿಡಿದು ಮ್ಯಾಜಿಸ್ಟ್ರೇಟನ ಮುಂದೆ ನಿಲ್ಲಿಸುತ್ತಿದ್ದರು. ಅವನ ಹುಕುಮಿನ ಮೇಲೆ ಒಳಗೆ ಹಾಕುತ್ತಿದ್ದರು. ಅಂದರೆ ರೋಗಿ ಆಸ್ಪತ್ರೆಗೆ ಹೋಗುತ್ತಿದ್ದುದು ಕೋರ್ಟಿನ ದಾರಿಯಲ್ಲಿ. 1912ರ ಕಾಯಿದೆ ಬಂದ ಮೇಲೆ ಇಂಥ ಮನೆಗಳು ಜೈಲು ಇಲಾಖೆಯ ಕೈಯಿಂದ ವೈದ್ಯರ ಕೈಗೆ ಬಂದವು. 1920ರ ದಶಕದಲ್ಲಿ ಹೆಸರನ್ನು 'ಮಾನಸಿಕ ಆಸ್ಪತ್ರೆ' ಎಂದು ಬದಲಿಸಲಾಯಿತು. ಕಾಗದದ ಮೇಲಿನ ಹೆಸರು ಬದಲಾದರೂ ಬ್ಯಾಡಗಿಯ ಓಣಿಯಲ್ಲಿ ಕ್ರಿಯಾಪದ ಬದಲಾಗಲಿಲ್ಲ. ಜನ ಇನ್ನೂ 'ಕಳಿಸುತ್ತಲೇ' ಇದ್ದರು.

ಒಳಗೆ ಹೋದವರಿಗೆ ಸಿಗುತ್ತಿದ್ದುದಾದರೂ ಏನು? ಊಟ, ಗೋಡೆ, ಒಂದಿಷ್ಟು ನಿದ್ದೆಯ ಔಷಧ. 1930ರ ದಶಕದಲ್ಲಿ ಯುರೋಪಿನಿಂದ ಹೊಸ ಹೊಸ ಉಪಾಯಗಳು ಬಂದವು. ಇನ್ಸುಲಿನ್ ಕೊಟ್ಟು ಪ್ರಜ್ಞೆ ತಪ್ಪಿಸುವುದು, ಕಾರ್ಡಿಯಜಾಲ್ ಚುಚ್ಚಿ ಫಿಟ್ಸ್ ಬರಿಸುವುದು, 1938ರ ನಂತರ ವಿದ್ಯುತ್ ಕಂಪನ. ಬೆಂಗಳೂರಿನ ಆಸ್ಪತ್ರೆ ಆ ಕಾಲಕ್ಕೆ ದೇಶದಲ್ಲೇ ಒಳ್ಳೆಯದೆಂದು ಹೆಸರಾಗಿತ್ತು. 1954ರಲ್ಲಿ ಅಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಹುಟ್ಟಿತು. 1974ರಲ್ಲಿ ಅದು ನಿಮ್ಹಾನ್ಸ್ ಆಯಿತು. ನಮ್ಮ ಧಾರವಾಡಕ್ಕೆ ಆ ಭಾಗ್ಯ ತಡವಾಗಿ ಬಂತು. ಮುಂಬಯಿಗೆ ದೂರದ ಜಿಲ್ಲೆಯಾಗಿ, 1956ರ ನಂತರ ಬೆಂಗಳೂರಿಗೂ ದೂರದ ಜಿಲ್ಲೆಯಾಗಿ ಉಳಿದ ಊರಿನ ಆಸ್ಪತ್ರೆ ಅದು. ಈಗ ಡಿಮ್ಹಾನ್ಸ್ ಎಂದು ಕರೆಯುವ ಸಂಸ್ಥೆಯಾಗಿ ಅದು ಬದಲಾದದ್ದು 2009ರಲ್ಲಿ.

ಆದರೆ ನಾವು ಹೇಳಹೊರಟಿರುವುದು ಕಟ್ಟಡಗಳ ಕತೆಯಲ್ಲ, ಗುಳಿಗೆಯ ಕತೆ.

ಆ ಕತೆಯನ್ನು ಸಾಮಾನ್ಯವಾಗಿ ಪ್ಯಾರಿಸ್ಸಿನಿಂದ ಶುರು ಮಾಡುತ್ತಾರೆ. 1950ರ ಡಿಸೆಂಬರಿನಲ್ಲಿ ಫ್ರಾನ್ಸಿನ ಔಷಧ ಕಂಪನಿಯೊಂದರಲ್ಲಿ ಪಾಲ್ ಶಾರ್ಪಾಂತಿಯೇ ಎಂಬ ರಸಾಯನ ವಿಜ್ಞಾನಿ ಕ್ಲೋರ್‌ಪ್ರೊಮಜೀನ್ ತಯಾರಿಸಿದ. ಶಸ್ತ್ರಕ್ರಿಯೆಗೆ ಮುಂಚೆ ರೋಗಿಯನ್ನು ಶಾಂತಗೊಳಿಸಲು ಆನ್ರಿ ಲಾಬೊರಿ ಎಂಬ ಸರ್ಜನ್ ಅದನ್ನು ಬಳಸಿ ನೋಡಿದ. 1952ರಲ್ಲಿ ಪ್ಯಾರಿಸ್ಸಿನ ಸೇಂಟ್ ಆನ್ ಆಸ್ಪತ್ರೆಯ ಜಾನ್ ದಲೇ ಮತ್ತು ಪಿಯರ್ ದನಿಕೇರ್ ಅದನ್ನು ಮನೋರೋಗಿಗಳಿಗೆ ಕೊಟ್ಟರು. ವರ್ಷಗಟ್ಟಲೆ ಕೂಗಾಡುತ್ತಿದ್ದ ವಾರ್ಡುಗಳು ನಿಶ್ಶಬ್ದವಾದವು. ಲಾರ್ಗಾಕ್ಟಿಲ್ ಎಂಬ ಹೆಸರಿನಿಂದ ಅದು ಲೋಕಕ್ಕೆಲ್ಲ ಹರಡಿತು. ಇದೆಲ್ಲ ನಿಜವೇ.

ಆದರೆ ಅದಕ್ಕಿಂತ ಇಪ್ಪತ್ತು ವರ್ಷ ಹಿಂದೆ ದೆಹಲಿಯಲ್ಲಿ ಮತ್ತು ಕಲ್ಕತ್ತೆಯಲ್ಲಿ ಒಂದು ಕತೆ ನಡೆದಿತ್ತು. ಅದು ನಮ್ಮವರಿಗೇ ಗೊತ್ತಿಲ್ಲ. ಸರ್ಪಗಂಧಿ ಎಂಬ ಗಿಡದ ಬೇರನ್ನು ಬಿಹಾರದ ಹಳ್ಳಿಗಳಲ್ಲಿ 'ಪಾಗಲ್ ಕೀ ದವಾ' ಎಂದೇ ಕರೆಯುತ್ತಿದ್ದರು. ಯುನಾನಿ ಹಕೀಮರಿಗೆ ಅದು ಅಸ್ರೋಲ್. 1931ರಲ್ಲಿ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಎಂಬ ಇಬ್ಬರು ಕಲ್ಕತ್ತೆಯ ವೈದ್ಯರು ಈ ಬೇರು ಉನ್ಮಾದಕ್ಕೂ ರಕ್ತದ ಒತ್ತಡಕ್ಕೂ ಮದ್ದು ಎಂದು ಲೇಖನ ಬರೆದರು. ಅದೇ ವರ್ಷ ದೆಹಲಿಯ ಆಯುರ್ವೇದಿಕ್ ಮತ್ತು ಯುನಾನಿ ತಿಬ್ಬಿಯಾ ಕಾಲೇಜಿನಲ್ಲಿ ಸಲೀಮುಜ್ಜಮಾನ್ ಸಿದ್ದೀಕಿ ಎಂಬ ತರುಣ ವಿಜ್ಞಾನಿ ಅದೇ ಬೇರಿನಿಂದ ಹಲವು ಕ್ಷಾರಗಳನ್ನು ಬೇರ್ಪಡಿಸಿದರು. ಆ ಕಾಲೇಜು ಕಟ್ಟಿದ ಹಕೀಮ್ ಅಜ್ಮಲ್ ಖಾನರು ಅಷ್ಟರಲ್ಲಿ ತೀರಿಕೊಂಡಿದ್ದರು. ಸಿದ್ದೀಕಿಯವರು ಒಂದು ಕ್ಷಾರಕ್ಕೆ ಅವರ ನೆನಪಿನಲ್ಲಿ 'ಅಜ್ಮಲೀನ್' ಎಂದು ಹೆಸರಿಟ್ಟರು. ಹೃದಯದ ಲಯ ಪರೀಕ್ಷಿಸುವ ವೈದ್ಯರು ಇವತ್ತಿಗೂ ಆ ಹೆಸರನ್ನು ಉಚ್ಚರಿಸುತ್ತಾರೆ. ಮನಸ್ಸನ್ನು ಶಾಂತಗೊಳಿಸುವ ಅಂಶ ಮಾತ್ರ ಬೇರೆಯವರ ಕೈಗೆ ಸಿಕ್ಕಿತು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯವರು ಅದೇ ಬೇರಿನಿಂದ ರಿಸರ್ಪೀನ್ ತೆಗೆದರು. 1954ರಲ್ಲಿ ನ್ಯೂಯಾರ್ಕಿನ ನೇಥನ್ ಕ್ಲೈನ್ ಅದನ್ನು ಮನೋರೋಗಿಗಳ ಮೇಲೆ ಪ್ರಯೋಗಿಸಿ ಪ್ರಸಿದ್ಧನಾದ. ರಕ್ತದೊತ್ತಡ ಇಳಿಸುವುದು, ಖಿನ್ನತೆ ತರುವುದು ಮುಂತಾದ ತೊಂದರೆಗಳಿಂದ ರಿಸರ್ಪೀನ್ ಹಿಂದೆ ಸರಿಯಿತು. ಕ್ಲೋರ್‌ಪ್ರೊಮಜೀನ್ ಗೆದ್ದಿತು.

ಇದನ್ನು ನಾವು ಹೆಮ್ಮೆಗಾಗಿ ಬರೆಯುತ್ತಿಲ್ಲ. ಬಾಗ್ದಾದಿನ ಅಲ್ ರಾಝಿ, 1284ರ ಕೈರೋದ ಮನ್ಸೂರಿ ಆಸ್ಪತ್ರೆ, ಅಲ್ಲಿ ಮನೋರೋಗಿಗಳಿಗಿದ್ದ ಪ್ರತ್ಯೇಕ ವಿಭಾಗ, ಹೀಗೆ ಹಳೆಯ ವೈಭವದ ಪಟ್ಟಿ ಓದಿ ಮೀಸೆ ತಿರುವುವ ಚಟ ನಮ್ಮ ಸಮುದಾಯಕ್ಕೆ ಸಾಕಷ್ಟಿದೆ. ನಮಗೆ ಬೇಕಾದ ಅಂಶ ಇಷ್ಟೇ. ಈ ರೋಗಕ್ಕೆ ಬೇರನ್ನು ಅರೆದು ಕೊಟ್ಟ ಹಕೀಮರೂ ವೈದ್ಯರೂ ಇದನ್ನು ದೇಹದ ರೋಗವೆಂದೇ ತಿಳಿದಿದ್ದರು. 'ದವಾ ತಗೋಬ್ಯಾಡ, ಇದು ಹೊರಗಿನ ಕಾಟ' ಎಂಬುದೇ ಪರಂಪರೆಯ ಮಾತು ಎಂದು ಯಾರಾದರೂ ಹೇಳಿದರೆ ಅವರಿಗೆ ಪರಂಪರೆ ಗೊತ್ತಿಲ್ಲ.

ನಮ್ಮ ಚಾಚಾ ಬ್ಯಾಡಗಿ ಮೆಣಸಿನಕಾಯಿ ಪೇಟೆಯಲ್ಲಿ ಒಂದು ದಲಾಲಿ ಅಂಗಡಿಯ ಗುಮಾಸ್ತ. ಸೋಮವಾರ, ಗುರುವಾರ ಪೇಟೆ. ಚೀಲದ ಲೆಕ್ಕ, ತೂಕದ ಚೀಟಿ, ಸಂಜೆಗೆ ಕಿರ್ದಿ. ಅಕ್ಷರ ಮುತ್ತಿನಂತಿತ್ತು. ಇಪ್ಪತ್ಮೂರನೇ ವಯಸ್ಸಿಗೆ, 1990ರ ಸುಗ್ಗಿಯಲ್ಲಿ, ಅವನಿಗೆ ತೂಕದ ಕಲ್ಲುಗಳು ಮಾತಾಡತೊಡಗಿದವು. ಮೊದಲು ಯಾರಿಗೂ ಹೇಳಲಿಲ್ಲ. ಆಮೇಲೆ ಚೀಟಿಯಲ್ಲಿ ತನ್ನ ಹೆಸರನ್ನು ಯಾರೋ ಗುಟ್ಟಾಗಿ ಬರೆಯುತ್ತಿದ್ದಾರೆ ಎಂದ. ಊಟದಲ್ಲಿ ಏನೋ ಬೆರೆಸಿದ್ದಾರೆ ಎಂದು ಎರಡು ದಿನ ಉಪವಾಸವಿದ್ದ. ಮಾಲೀಕರು ಒಳ್ಳೆಯವರು. 'ತಮ್ಮಗ ಆರಾಮಿಲ್ಲ ಕಾಣ್ತೈತಿ, ಮನೀಗೆ ಕರಕೊಂಡ ಹೋಗ್ರಿ ಸಾಹೇಬ್ರ' ಎಂದು ಅಬ್ಬಾನಿಗೆ ಹೇಳಿ ಕಳಿಸಿದರು.

ದಾದಿ ಅವನನ್ನು ಮೊದಲು ದರ್ಗಾಕ್ಕೆ ಒಯ್ದರು. ಆಮೇಲೆ ತಾವೀಜು. ಆಮೇಲೆ ಇನ್ನೊಬ್ಬ ಆಮಿಲ್ ಸಾಹೇಬರು. ಅವರು ಲೋಬಾನದ ಹೊಗೆ ಹಾಕಿ, ಮೆಣಸಿನಕಾಯಿ ಸುಟ್ಟು ಮೂಗಿಗೆ ಹಿಡಿದರು. ಬ್ಯಾಡಗಿಯವರ ಮೂಗಿಗೆ ಮೆಣಸಿನಕಾಯಿ ಘಾಟು ಹೊಸದೇನಲ್ಲ. ಆದರೂ ಆ ದಿನದ ಕೆಮ್ಮು, ಚಾಚಾನ ಕೈ ಹಿಡಿದಿದ್ದ ನಾಲ್ಕು ಜನ, ದಾದಿಯ ಅಳು ನಮಗೆ ಇನ್ನೂ ಮರೆತಿಲ್ಲ. ಆರು ತಿಂಗಳು ಹೀಗೆ ಹೋಯಿತು.

ದಾದಿಯನ್ನು ದೂರುವ ಮನಸ್ಸು ನಮಗಿಲ್ಲ. ಭಾಷೆಯೇ ಅವರನ್ನು ಆ ಕಡೆ ಕರೆದೊಯ್ಯುತ್ತಿತ್ತು. ಅರಬ್ಬಿಯಲ್ಲಿ ಜಿನ್, ಮಜ್ನೂನ್ ಎರಡೂ ಒಂದೇ ಧಾತುವಿನ ಪದಗಳು. ಮುಚ್ಚಿಕೊಂಡದ್ದು, ಕಣ್ಣಿಗೆ ಕಾಣದ್ದು ಎಂದು ಅದರ ಮೂಲ ಅರ್ಥ. ಜನ್ನತ್ ಎಂಬ ಪದವೂ, ಗರ್ಭದೊಳಗಿನ ಕೂಸಿಗೆ ಹೇಳುವ ಜನೀನ್ ಎಂಬ ಪದವೂ ಅಲ್ಲಿಂದಲೇ ಬಂದವು. ಕಾಣದ್ದಕ್ಕೆ ಕಾಣದ್ದನ್ನೇ ಕಾರಣ ಎನ್ನುವುದು ಎಷ್ಟು ಸಹಜ ನೋಡಿ. ಕನ್ನಡವೂ ಹಿಂದೆ ಬಿದ್ದಿಲ್ಲ. ನಮ್ಮ ಕಡೆ ಹುಚ್ಚಪ್ಪ, ಹುಚ್ಚವ್ವ ಎಂದು ಭಕ್ತಿಯಿಂದ ಹೆಸರಿಡುತ್ತಾರೆ. ಶಿಗ್ಗಾವಿ ತಾಲೂಕಿನ ಶಿಶುನಾಳ ಷರೀಫರ ನೆಲವಿದು, ಅವರು ನಡೆದುಕೊಂಡ ಹುಲಗೂರಿನ ಖಾದರ್‌ಷಾವಲಿಯವರ ನೆಲ. ದೇವರ ಗುಂಗಿನಲ್ಲಿ ಮೈಮರೆತವರನ್ನು ಮಜ್ಝೂಬ್ ಎಂದು ಗೌರವಿಸಿದ ಸೀಮೆ. ಆ ಗೌರವ ದೊಡ್ಡದು. ಆದರೆ ತೂಕದ ಕಲ್ಲಿನ ಮಾತು ಕೇಳಿ ಹೆದರಿ ಮೂಲೆಯಲ್ಲಿ ಕುಳಿತವನು ಮಜ್ಝೂಬ್ ಅಲ್ಲ. ಅವನಿಗೆ ನಿದ್ದೆ ಬೇಕು, ಔಷಧ ಬೇಕು.

ಈ ವ್ಯತ್ಯಾಸ ಮರೆತರೆ ಏನಾಗುತ್ತದೆ ಎಂಬುದನ್ನು ದೇಶ ಕಂಡದ್ದು 2001ರ ಆಗಸ್ಟ್ 6ರಂದು. ತಮಿಳುನಾಡಿನ ರಾಮನಾಥಪುರ ಜಿಲ್ಲೆಯ ಏರ್ವಾಡಿ ದರ್ಗಾದ ಸುತ್ತ ಖಾಸಗಿ ಜನ ಕಟ್ಟಿಕೊಂಡಿದ್ದ ಚಪ್ಪರಗಳಲ್ಲಿ ಮನೋರೋಗಿಗಳನ್ನು ಇಡುತ್ತಿದ್ದರು. ಅಂಥ ಒಂದು ಚಪ್ಪರಕ್ಕೆ ನಸುಕಿನಲ್ಲಿ ಬೆಂಕಿ ಬಿತ್ತು. ಕಾಲಿಗೆ ಸರಪಳಿ ಇದ್ದುದರಿಂದ ಓಡಲಾಗಲಿಲ್ಲ. 28 ಜನ ಸತ್ತರು. ಸುಪ್ರೀಂ ಕೋರ್ಟು ತಾನಾಗಿಯೇ ಪ್ರಕರಣವನ್ನು ಕೈಗೆತ್ತಿಕೊಂಡಿತು. ಅದರ ಫಲವೂ ಸೇರಿ, 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯಲ್ಲಿ ಮನೋರೋಗಿಗೆ ಯಾವ ರೀತಿಯಲ್ಲೂ ಸರಪಳಿ ಹಾಕಕೂಡದು ಎಂದು ಸ್ಪಷ್ಟವಾಗಿ ಬರೆದಿದ್ದಾರೆ. ಗುಜರಾತಿನ ಉನಾವಾದಲ್ಲಿರುವ ಮೀರಾ ದಾತಾರ್ ದರ್ಗಾದವರು ಇನ್ನೊಂದು ದಾರಿ ಹಿಡಿದರು. 2000ರ ದಶಕದ ಕೊನೆಯಲ್ಲಿ ದರ್ಗಾದ ಆವರಣದಲ್ಲೇ ಮನೋವೈದ್ಯರು ಕೂರುವ ವ್ಯವಸ್ಥೆಯಾಯಿತು. ಮುಜಾವರರೇ ಹರಕೆ ಹೊತ್ತು ಬಂದವರನ್ನು ವೈದ್ಯರ ಕಡೆ ಕಳಿಸತೊಡಗಿದರು. ದವಾ ಭೀ, ದುವಾ ಭೀ. ನಮ್ಮ ದಾದಿಗೆ ಯಾರಾದರೂ ಒಬ್ಬ ಮುಜಾವರರು 1990ರಲ್ಲೇ ಹೀಗೆ ಹೇಳಿದ್ದರೆ ಆ ಆರು ತಿಂಗಳು ಉಳಿಯುತ್ತಿದ್ದವು.

ಕೊನೆಗೆ ಅಬ್ಬಾ ಚಾಚಾನನ್ನು ಕರೆದುಕೊಂಡು ಬ್ಯಾಡಗಿ ಸ್ಟೇಷನ್ನಿನಲ್ಲಿ ರೈಲು ಹತ್ತಿದರು. ಆಗ ಹಾವೇರಿ ಜಿಲ್ಲೆ ಇರಲಿಲ್ಲ, 1997ರ ಆಗಸ್ಟಿನಲ್ಲಿ ಆಯಿತು. ಖಾತೆ ಉತಾರಕ್ಕೂ ಧಾರವಾಡ, ಹುಚ್ಚಿಗೂ ಧಾರವಾಡ. 'ಜಿಲ್ಲಾ ಕಚೇರಿ ಕೆಲಸ ಐತಿ' ಎಂದು ಓಣಿಯಲ್ಲಿ ಹೇಳಿ ಹೋದರು. ಜಿಲ್ಲೆ ದೂರವಿದ್ದುದರಿಂದ ನಮ್ಮ ಮನೆಗೆ ಆದ ಒಂದೇ ಉಪಕಾರ ಅದು.

ಅಲ್ಲಿಯ ವೈದ್ಯರು ಹೇಳಿದ ಹೆಸರು ಸ್ಕಿಜೋಫ್ರೇನಿಯಾ. 1908ರಲ್ಲಿ ಸ್ವಿಟ್ಜರ್ಲೆಂಡಿನ ಯೂಜೆನ್ ಬ್ಲಾಯ್ಲರ್ ಇಟ್ಟ ಹೆಸರು. ಕನ್ನಡದಲ್ಲಿ ಇಚ್ಚಿತ್ತ ವಿಕಲತೆ, ಛಿದ್ರಮನಸ್ಕತೆ ಎಂದು ಅನುವಾದಿಸಿದ್ದಾರೆ. ಎರಡು ವ್ಯಕ್ತಿಗಳು ಒಂದೇ ದೇಹದಲ್ಲಿ ಇರುವುದು ಎಂದು ಸಿನೆಮಾದವರು ತೋರಿಸುವುದಕ್ಕೂ ಇದಕ್ಕೂ ಸಂಬಂಧವಿಲ್ಲ. ಇಲ್ಲದ ದನಿ ಕೇಳುವುದು, ಇಲ್ಲದ ಶತ್ರು ಇದ್ದಾನೆಂದು ನಂಬುವುದು, ಮಾತಿನ ಎಳೆ ತಪ್ಪುವುದು, ಬರಬರುತ್ತ ಸ್ನಾನ, ಗೆಳೆತನ, ದುಡಿಮೆಯಲ್ಲಿ ಆಸಕ್ತಿ ಆರಿಹೋಗುವುದು ಇದರ ಲಕ್ಷಣ. ನಿಮ್ಹಾನ್ಸ್ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಂತೆ ಇದೂ ಇದರ ಬಳಗದ ಇತರ ರೋಗಗಳೂ ಜೀವಮಾನದಲ್ಲಿ ಒಮ್ಮೆಯಾದರೂ ಕಾಣಿಸಿಕೊಳ್ಳುವುದು ನೂರಕ್ಕೆ 1.4 ಜನರಲ್ಲಿ. ದೊಡ್ಡ ಓಣಿಗೆ ಒಂದೆರಡು ಮನೆ ಎಂದಿಟ್ಟುಕೊಳ್ಳಿ. ಇವರನ್ನು ಇಂಗ್ಲಿಷಿನಲ್ಲಿ ಓದಲಾಗದ ಮನೆಗಳಿಗೆ ಕನ್ನಡದಲ್ಲಿ ಪರಿಚಯಿಸಿದ ಪುಣ್ಯದಲ್ಲಿ ದೊಡ್ಡ ಪಾಲು ನಿಮ್ಹಾನ್ಸಿನಲ್ಲಿದ್ದ ಡಾ. ಸಿ.ಆರ್. ಚಂದ್ರಶೇಖರ್ ಅವರದು. ಅಬ್ಬಾ ಅವರ ಪುಟ್ಟ ಪುಸ್ತಕವೊಂದನ್ನು ಕುರಾನಿನ ಕಪಾಟಿನ ಕೆಳಗಿನ ಅರೆಯಲ್ಲಿ, ಯಾರಿಗೂ ಕಾಣದಂತೆ ಇಟ್ಟಿದ್ದರು.

ಮೂರು ವಾರಕ್ಕೆ ಕಲ್ಲುಗಳು ಮಾತು ನಿಲ್ಲಿಸಿದವು. ಚಾಚಾ ಮನೆಗೆ ಬಂದ. ಕೈ ನಡುಗುತ್ತಿತ್ತು, ಮೈ ಮರದಂತೆ ಬಿಗಿಯಾಗಿತ್ತು, ಬಾಯಲ್ಲಿ ಜೊಲ್ಲು. ಹಳೆಯ ಔಷಧಗಳ ಗುಣ ಅದು. ಇವು ಮಿದುಳಿನಲ್ಲಿ ಡೋಪಮೀನ್ ಎಂಬ ರಾಸಾಯನಿಕದ ಕೆಲಸವನ್ನು ತಡೆಯುತ್ತವೆ. ದನಿಗಳನ್ನು ಅಡಗಿಸುವುದೂ ಅದೇ ತಡೆ, ಚಲನೆಯನ್ನು ಬಿಗಿಯುವುದೂ ಅದೇ ತಡೆ. ನಡುಕಕ್ಕೆಂದು ಇನ್ನೊಂದು ಗುಳಿಗೆ ಕೊಟ್ಟಿದ್ದರು. ಓಣಿಯವರು ರೋಗ ನೋಡಿದ್ದಕ್ಕಿಂತ ಹೆಚ್ಚು ಈ ನಡುಕವನ್ನೇ ನೋಡಿದರು. 'ಧಾರವಾಡದಾಗ ಕರೆಂಟ್ ಕೊಟ್ಟು ಹಿಂಗ ಮಾಡ್ಯಾರ' ಎಂದರು. ಕರೆಂಟು ಯಾರೂ ಕೊಟ್ಟಿರಲಿಲ್ಲ.

ಎಂಟು ತಿಂಗಳು ಕಳೆದವು. ಚಾಚಾ ಆರಾಮಾದ. ಮತ್ತೆ ಪೇಟೆಗೆ ಹೊರಟ. ಆರಾಮಾದ ಮೇಲೆ ಗುಳಿಗೆ ಯಾಕೆ? ಜ್ವರ ಬಿಟ್ಟ ಮೇಲೆ ಯಾರಾದರೂ ಗುಳಿಗೆ ನುಂಗುತ್ತಾರೆಯೇ? ಒಬ್ಬ ನೆಂಟರು 'ಈ ಗುಳಿಗಿ ತಗೊಂಡ್ರ ನಿಖಾ ಆಗೂದಿಲ್ಲ' ಎಂದರು. ನಿಲ್ಲಿಸಿದರು. ನಾಲ್ಕು ತಿಂಗಳಿಗೆ ಕಲ್ಲುಗಳು ಮತ್ತೆ ಮಾತಾಡಿದವು. ಮತ್ತೆ ರೈಲು. ಇದು ಹತ್ತು ವರ್ಷದಲ್ಲಿ ಮೂರು ಸಲ ನಡೆಯಿತು. ಪ್ರತಿ ಸಲ ಬರುವಾಗ ಚಾಚಾ ಸ್ವಲ್ಪ ಕಡಿಮೆಯಾಗಿ ಬಂದ. ಮೊದಲ ಸಲ ಅಕ್ಷರ ಉಳಿದಿತ್ತು, ಲೆಕ್ಕ ಉಳಿದಿತ್ತು. ಮೂರನೇ ಸಲ ಅಂಗಡಿ ಉಳಿಯಲಿಲ್ಲ.

'ಇದು ಎಷ್ಟ ದಿನಾ ತಗೋಬೇಕ್ರಿ ಡಾಕ್ಟರ್?' ಈ ರೋಗವಿರುವ ಪ್ರತಿ ಮನೆಯವರೂ ಮೊದಲು ಕೇಳುವ ಪ್ರಶ್ನೆ ಇದು. ಇದಕ್ಕೆ ಲೋಕದ ವೈದ್ಯರು ಎಪ್ಪತ್ತು ವರ್ಷಗಳಿಂದ ಉತ್ತರ ಹುಡುಕುತ್ತಿದ್ದಾರೆ. 2012ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ 65 ಪ್ರಯೋಗಗಳನ್ನು ಒಟ್ಟುಗೂಡಿಸಿದ ಅಧ್ಯಯನವೊಂದು ಬಂತು. ಔಷಧ ಮುಂದುವರಿಸಿದವರಲ್ಲಿ ಒಂದು ವರ್ಷದೊಳಗೆ ರೋಗ ಮರುಕಳಿಸಿದ್ದು ನೂರಕ್ಕೆ 27 ಜನರಿಗೆ, ನಿಲ್ಲಿಸಿದವರಲ್ಲಿ 64 ಜನರಿಗೆ. ಅಂಕಿಯನ್ನು ಎರಡೂ ಕಡೆಯಿಂದ ಓದಬೇಕು. ಗುಳಿಗೆ ನುಂಗಿದರೂ ನೂರರಲ್ಲಿ 27 ಜನರಿಗೆ ಮರಳಿ ಬಂತು, ಆದ್ದರಿಂದ ಮರುಕಳಿಸಿದಾಗಲೆಲ್ಲ 'ಗುಳಿಗಿ ತಪ್ಪಿಸಿರಬೇಕು' ಎಂದು ರೋಗಿಯನ್ನು ಬೈಯುವುದು ಅನ್ಯಾಯ. ನಿಲ್ಲಿಸಿದರೂ 36 ಜನರಿಗೆ ಆ ವರ್ಷ ಬರಲಿಲ್ಲ. ಆ ಮೂವತ್ತಾರರಲ್ಲಿ ತಾನೊಬ್ಬನೇ ಎಂದು ಮೊದಲೇ ತಿಳಿಯುವ ಪರೀಕ್ಷೆ ಇವತ್ತಿಗೂ ಇಲ್ಲ. ಬ್ರಿಟನ್ನಿನಲ್ಲಿ ವೈದ್ಯರ ನಿಗಾದಲ್ಲೇ ಪ್ರಮಾಣವನ್ನು ಮೆಲ್ಲಮೆಲ್ಲಗೆ ಇಳಿಸಿ ನೋಡಿದ ಪ್ರಯೋಗದ ಫಲಿತಾಂಶ 2023ರಲ್ಲಿ ಬಂತು. ಇಳಿಸಿದವರ ಬದುಕು ಎರಡು ವರ್ಷದಲ್ಲಿ ಉತ್ತಮವಾಗಲಿಲ್ಲ, ಮರುಕಳಿಸುವಿಕೆ ಮಾತ್ರ ಹೆಚ್ಚಾಯಿತು. ಒಂದೇ ಸಲ ಬಂದು ಹೋದವರಿಗೆ, ಬಹುಕಾಲ ಆರಾಮಿದ್ದವರಿಗೆ ವೈದ್ಯರು ಪ್ರಮಾಣ ಇಳಿಸುವುದುಂಟು. ಆದರೆ ಅದು ಅವರ ಎದುರು ಕುಳಿತು, ತಿಂಗಳುಗಟ್ಟಲೆ ಸಮಯ ತೆಗೆದುಕೊಂಡು ಮಾಡುವ ಕೆಲಸ. ನೆಂಟರ ಮಾತಿಗೆ ಒಂದು ಶುಕ್ರವಾರ ಡಬ್ಬಿ ಎಸೆಯುವುದಲ್ಲ.

ಮೂರನೇ ಸಲದ ನಂತರ ದಾದಿ ಡಬ್ಬಿಯನ್ನು ತಮ್ಮ ಕೈಗೆ ತೆಗೆದುಕೊಂಡರು. ಅವರಿಗೆ ಓದು ಬರಹ ಬರುತ್ತಿರಲಿಲ್ಲ. ಬಿಳಿ ದೊಡ್ಡದು ರಾತ್ರಿ, ಸಣ್ಣದು ಬೆಳಿಗ್ಗೆ ಎಂದು ಗುರುತು ಇಟ್ಟುಕೊಂಡಿದ್ದರು. ಇಷಾ ನಮಾಜು ಮುಗಿಸಿ, ಮುಸಲ್ಲಾ ಮಡಚಿ, ನೀರಿನ ತಂಬಿಗೆ ಹಿಡಿದು ಚಾಚಾನ ಮುಂದೆ ನಿಲ್ಲುತ್ತಿದ್ದರು. 'ಖಾಲೇ ಬೇಟಾ.' ಅಷ್ಟೇ ಮಾತು. ರಂಜಾನಿನಲ್ಲಿ ರೋಜಾ ಇಟ್ಟರೆ ಗುಳಿಗೆ ಹೇಗೆ ಎಂದು ಮೊದಲು ಗಾಬರಿಯಾಗಿತ್ತು. ವೈದ್ಯರು ಎರಡನ್ನೂ ರಾತ್ರಿಗೆ ಹೊಂದಿಸಿ ಕೊಟ್ಟರು, ಕೇಳದೆ ನಿಲ್ಲಿಸಬೇಡಿ ಎಂದರು. ಅಷ್ಟು ಸರಳವಾದದ್ದನ್ನು ಕೇಳಲು ನಾಚಿ ಮೊದಲೊಮ್ಮೆ ಇಡೀ ರಂಜಾನು ಗುಳಿಗೆ ಬಿಟ್ಟದ್ದುಂಟು. ಆ ಎರಡನೇ ಮರುಕಳಿಕೆ ಈದ್ ಆದ ಮೇಲೆ ಬಂದದ್ದು.

ಮನೋರೋಗದ ಚರಿತ್ರೆ ಬರೆದವರು ದಲೇ, ದನಿಕೇರ್, ಅಜ್ಮಲ್ ಖಾನರ ಹೆಸರು ಬರೆಯುತ್ತಾರೆ. ತಂಬಿಗೆ ಹಿಡಿದು ನಿಂತ ಮುದುಕಿಯರ ಹೆಸರು ಎಲ್ಲೂ ಇಲ್ಲ. ಅಮೃತಸರದ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಎಂಬುವರು 1950ರ ದಶಕದಲ್ಲಿ ರೋಗಿಗಳ ಮನೆಯವರನ್ನೇ ಆವರಣದಲ್ಲಿ ಡೇರೆ ಹಾಕಿ ಉಳಿಸಿಕೊಂಡರು. ಮನೆಯವರು ಜೊತೆಗಿದ್ದರೆ ರೋಗಿ ಬೇಗ ಮನೆಗೆ ಹೋಗುತ್ತಾನೆ ಎಂದು ಅವರಿಗೆ ಮನದಟ್ಟಾಗಿತ್ತು. ನಮ್ಮ ದೇಶದ ಆಸ್ಪತ್ರೆಗಳಲ್ಲಿ ಇವತ್ತಿಗೂ ರೋಗಿಯ ಜೊತೆ ಮನೆಯವರು ಉಳಿಯುವುದಕ್ಕೆ ಅಲ್ಲಿಂದ ದಾರಿಯಾಯಿತು. ಆದರೆ ಇದರಲ್ಲೊಂದು ಮುಳ್ಳಿದೆ. ಗಂಡು ರೋಗಿಗೆ ತಾಯಿ ಇರುತ್ತಾಳೆ, ಹೆಂಡತಿ ಇರುತ್ತಾಳೆ. ರೋಗ ಹೆಣ್ಣಿಗೆ ಬಂದರೆ? ನಾವು ಕಂಡ ರಾಣೆಬೆನ್ನೂರಿನ ಒಂದು ಮನೆಯಲ್ಲಿ ಸೊಸೆಗೆ ಇದೇ ರೋಗ. ಗುಳಿಗೆಯಿಂದ ಮುಟ್ಟು ನಿಂತಿತು, ಮೈ ಊದಿಕೊಂಡಿತು. ಕೆಲವು ಗುಳಿಗೆಗಳಿಂದ ಹೀಗಾಗುತ್ತದೆ, ವೈದ್ಯರಿಗೆ ಹೇಳಿದರೆ ಬದಲಿಸುತ್ತಾರೆ. ಹೇಳುವವರು ಯಾರು? ಅತ್ತೆ ಮನೆಯವರು ತವರಿಗೆ ಬಿಟ್ಟು ಬಂದರು. ತವರಿನಲ್ಲಿ ಅಣ್ಣನ ಹೆಂಡತಿ ಗುಳಿಗೆ ಎಣಿಸಬೇಕಾಗಿತ್ತು, ಅವಳಿಗೆ ಮೂರು ಮಕ್ಕಳಿದ್ದವು.

ಗುಳಿಗೆ ನಮ್ಮ ಊರ ಹತ್ತಿರ ಬಂದದ್ದು ಹೇಗೆ ಎಂಬುದನ್ನು ಹೇಳಲೇಬೇಕು. 1970ರ ದಶಕದ ನಡುವೆ ನಿಮ್ಹಾನ್ಸಿನವರು ಬೆಂಗಳೂರು ಬಳಿಯ ಸಕಲವಾರ ಎಂಬ ಹಳ್ಳಿಯಲ್ಲಿ ಕೇಂದ್ರ ತೆರೆದರು. ಮನೋವೈದ್ಯನಿಲ್ಲದೆ, ಸಾಮಾನ್ಯ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟು ಈ ರೋಗಗಳನ್ನು ನೋಡಿಕೊಳ್ಳಬಹುದೇ ಎಂದು ಪರೀಕ್ಷಿಸಿದರು. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. 1985ರಿಂದ ಬಳ್ಳಾರಿ ಜಿಲ್ಲೆಯಲ್ಲಿ, ಸುಮಾರು ಇಪ್ಪತ್ತು ಲಕ್ಷ ಜನರ ನಡುವೆ, ಈ ಪ್ರಯೋಗವನ್ನು ದೊಡ್ಡದಾಗಿ ಮಾಡಿದರು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಗುಳಿಗೆ, ಗುಳಿಗೆ ನುಂಗಲೊಲ್ಲದವರಿಗೆ ಕೆಲವು ವಾರಕ್ಕೊಮ್ಮೆ ಚುಚ್ಚುವ ಫ್ಲುಫೆನಜೀನ್. ಇಡೀ ದೇಶ 1996ರಲ್ಲಿ ಬಳ್ಳಾರಿಯ ಮಾದರಿಯನ್ನೇ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಗಿ ಅನುಸರಿಸಿತು. ಈಗ ಯೋಚಿಸಿದರೆ ಕರುಳು ಚುರುಕ್ ಎನ್ನುತ್ತದೆ. 1990ರಲ್ಲಿ ನಾವು ಚಾಚಾನನ್ನು ಗುಟ್ಟಾಗಿ ರೈಲು ಹತ್ತಿಸುತ್ತಿದ್ದಾಗ ತುಂಗಭದ್ರೆಯ ಆಚೆ ದಂಡೆಯ ಹಡಗಲಿ ಕಡೆಯ ಜಿಲ್ಲೆಗೆ ಆ ಗುಳಿಗೆ ಬಂದಾಗಿತ್ತು. ನಡುವೆ ಒಂದು ಹೊಳೆ.

ಹೊಳೆ ದಾಟಲು ಅದಕ್ಕೆ ವರ್ಷಗಳು ಹಿಡಿದವು. 2014ರಲ್ಲಿ ಕರ್ನಾಟಕ ಸರ್ಕಾರ 'ಮನೋಚೈತನ್ಯ' ಎಂಬ ಹೆಸರಿನಲ್ಲಿ ತಾಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ವ್ಯವಸ್ಥೆ ಮಾಡಿತು. ಚಾಚಾನಿಗೆ ಧಾರವಾಡ ತಪ್ಪಿತು. ಓಣಿಯವರು ಕೇಳಿದರೆ 'ಮಂಗಳವಾರದ ಡಾಕ್ಟರ್ ಹತ್ರ' ಎಂದು ಹೇಳಿದರಾಯಿತು. 'ಕಳಸು' ಎಂಬ ಕ್ರಿಯಾಪದ ನಮ್ಮ ಮನೆಯಲ್ಲಿ ಸತ್ತದ್ದು ಆಗಲೇ. 2022ರ ಅಕ್ಟೋಬರಿನಿಂದ 14416 ನಂಬರಿಗೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡುವ ಟೆಲಿಮನಸ್ ಇದೆ. ಇದೆಲ್ಲ ಬಂದರೂ ಮೇಲೆ ಹೇಳಿದ ಸಮೀಕ್ಷೆಯ ಪ್ರಕಾರ ಮನೋರೋಗಿಗಳಲ್ಲಿ ನೂರಕ್ಕೆ 70ಕ್ಕಿಂತ ಹೆಚ್ಚು ಜನ ಚಿಕಿತ್ಸೆಯಿಂದ ಹೊರಗೇ ಇದ್ದರು. ಗುಳಿಗೆ ಖಾಲಿಯಾಗಿದೆ, ಮುಂದಿನ ವಾರ ಬನ್ನಿ ಎಂದು ಒಂದು ಆಸ್ಪತ್ರೆಯಲ್ಲಿ ನಮ್ಮನ್ನೂ ವಾಪಸು ಕಳಿಸಿದ್ದುಂಟು. ಈ ರೋಗದಲ್ಲಿ ಒಂದು ವಾರ ಎಷ್ಟು ಉದ್ದ ಎಂಬುದು ಚೀಟಿ ಕೊಡುವವರಿಗೆ ಗೊತ್ತಿರಲಿಲ್ಲ. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಆಗಿ ಬಸ್ಸು ನಿಂತಾಗ ಪಕ್ಕದ ಮನೆಯ ಹುಡುಗ, ನಮ್ಮ ಮನೆಯ ಗುಟ್ಟು ಗೊತ್ತಿಲ್ಲದವನು ಎಂದು ನಾವು ತಿಳಿದಿದ್ದವನು, ಬೈಕ್ ತೆಗೆದುಕೊಂಡು ರಾಣೆಬೆನ್ನೂರಿಗೆ ಹೋಗಿ ಗುಳಿಗೆ ತಂದ. ಹೆಸರು ಬರೆದು ಕೊಡಲು ಹೋದರೆ 'ಗೊತ್ತೈತಿ ಬಿಡ್ರಿ, ಚಾಚಾಂದು' ಎಂದ.

2000ರ ನಂತರ ಚಾಚಾನ ಗುಳಿಗೆ ಬದಲಾಗಿತ್ತು. ರಿಸ್ಪೆರಿಡೋನ್, ಆಮೇಲೆ ಓಲಾಂಜಪೀನ್. ನಡುಕ ಹೋಯಿತು, ಬಿಗಿತ ಹೋಯಿತು. ಬದಲಿಗೆ ಹಸಿವು ಬಂತು. ಐದು ವರ್ಷದಲ್ಲಿ ಹೊಟ್ಟೆ, ಏಳನೇ ವರ್ಷ ಸಕ್ಕರೆ ಕಾಯಿಲೆ. ಹಳೆಯ ಗುಳಿಗೆ ದೇಹವನ್ನು ಬಿಗಿಯಿತು, ಹೊಸದು ಉಬ್ಬಿಸಿತು. ವರ್ಷಕ್ಕೊಮ್ಮೆಯಾದರೂ ರಕ್ತದ ಸಕ್ಕರೆ, ಕೊಬ್ಬು, ತೂಕ ನೋಡಿಸಬೇಕೆಂದು ನಮಗೆ ಮೊದಲೇ ಗೊತ್ತಾಗಿದ್ದರೆ ಎನಿಸುತ್ತದೆ. ಯಾವ ಔಷಧಕ್ಕೂ ಬಗ್ಗದವರಿಗೆ ಕ್ಲೋಜಪೀನ್ ಇದೆ. ಅದು ರಕ್ತದ ಬಿಳಿ ಕಣಗಳನ್ನು ಕುಗ್ಗಿಸಬಹುದಾದ್ದರಿಂದ ಶುರುವಿನಲ್ಲಿ ವಾರ ವಾರ ರಕ್ತ ಪರೀಕ್ಷೆ ಬೇಕು. 1975ರಲ್ಲಿ ಫಿನ್ಲೆಂಡಿನಲ್ಲಿ ಜನ ಸತ್ತು ಅದನ್ನು ಹಿಂದೆ ಪಡೆದಿದ್ದರು. ಆದರೂ ಅದೇ ಫಿನ್ಲೆಂಡಿನ 2009ರ ಅಧ್ಯಯನದಲ್ಲಿ ಹೆಚ್ಚು ಕಾಲ ಬದುಕಿದವರು ಕ್ಲೋಜಪೀನ್ ತೆಗೆದುಕೊಂಡವರೇ. 2024ರ ಸೆಪ್ಟೆಂಬರಿನಲ್ಲಿ ಅಮೆರಿಕದಲ್ಲಿ ಡೋಪಮೀನನ್ನು ನೇರವಾಗಿ ತಡೆಯದ ಹೊಸ ಬಗೆಯ ಔಷಧಕ್ಕೆ ಒಪ್ಪಿಗೆ ಸಿಕ್ಕಿದೆ. ಅದು ಎಷ್ಟು ಹೊಳೆಗಳನ್ನು ದಾಟಿ ಬರಬೇಕೋ.

2004ರ ಸುಮಾರಿಗೆ ದಾದಿಯ ಕಣ್ಣಿಗೆ ಪೊರೆ ಬಂತು. ಬಿಳಿ ಗುಳಿಗೆ ಯಾವುದು, ಸಣ್ಣದು ಯಾವುದು ತಿಳಿಯದಾಯಿತು. ಚಾಚಾ ಆಗ ತಾನೇ ಒಂದು ಹಳೆಯ ಕಿರ್ದಿ ಪುಸ್ತಕ ತೆಗೆದ. ಕೆಂಪು ಬಟ್ಟೆಯ ರಟ್ಟು, ಪೇಟೆಯವರು ಬಳಸುವಂಥದು. ಎಡಕ್ಕೆ ಜಮಾ, ಬಲಕ್ಕೆ ಖರ್ಚು. ಆಸ್ಪತ್ರೆಯಿಂದ ತಂದ ದಿನ 'ಜಮಾ ಗುಳಿಗೆ 30'. ಪ್ರತಿ ರಾತ್ರಿ 'ಖರ್ಚು 1', ಕೊನೆಗೆ ಬಾಕಿ. ಇಪ್ಪತ್ತು ವರ್ಷ ದಾಟಿದೆ, ಎಂಟನೇ ಪುಸ್ತಕ ನಡೆದಿದೆ. ಅಕ್ಷರ ಮೊದಲಿನಷ್ಟು ದುಂಡಗಿಲ್ಲ. ದನಿಗಳು ಪೂರಾ ಹೋಗಿಲ್ಲವಂತೆ. 'ದೂರದಾಗ ಪೇಟೆ ನಡದಂಗ ಕೇಳ್ತೈತಿ, ನಾ ಹೋಗೂದಿಲ್ಲ' ಎಂದು ಒಮ್ಮೆ ನಮಗೆ ಹೇಳಿದ. ಬೆಳಿಗ್ಗೆ ಹೆಂಗಸರ ಜೊತೆ ಕುಳಿತು ಮೆಣಸಿನಕಾಯಿ ತೊಟ್ಟು ಬಿಡಿಸುತ್ತಾನೆ, ಕೂಲಿ ಬರುತ್ತದೆ. ಅಂಗವಿಕಲರ ಮಾಸಾಶನಕ್ಕೆ ಮನೋರೋಗವೂ ಸೇರುತ್ತದೆಂದು ನಮಗೆ ತಿಳಿದದ್ದು ತಡವಾಗಿ. ಅದೂ ಬರುತ್ತದೆ. ಅವನು ಅದನ್ನೂ ಅದೇ ಪುಸ್ತಕದಲ್ಲಿ ಜಮಾ ಬರೆಯುತ್ತಾನೆ.

ದಾದಿ 2011ರಲ್ಲಿ ತೀರಿಕೊಂಡರು. ಅಂದಿನ ರಾತ್ರಿ ಮನೆ ತುಂಬ ಜನ, ಗುಳಿಗೆಯ ನೆನಪು ನಮಗೆ ಯಾರಿಗೂ ಇರಲಿಲ್ಲ. ಈ ಲೇಖನಕ್ಕೆಂದು ಹಳೆಯ ಕಿರ್ದಿ ತಿರುವುವಾಗ ಆ ಪುಟ ಸಿಕ್ಕಿತು. 'ಅಮ್ಮಾ ಇಂತಕಾಲ್. ಖರ್ಚು 1. ಬಾಕಿ 11.'

ನಿನ್ನೆಯ ಪುಟದಲ್ಲಿ ಬಾಕಿ 4 ಎಂದಿದೆ. ಕೆಳಗೆ, 'ಮಂಗಳವಾರ ಚೀಟಿ ತಗೊಂಡ್ ಹೋಗೂದು, ಸಕ್ಕರೆ ನೋಡ್ಸೂದು.'